ಟೆಂಡರ್ ಅಂದ್ರೆ ಎಂತದು?

ಸ್ವರ್ಣವಲ್ಲಿ ಕಡೆಯಿಂದ ಶಿರಸಿಗೆ ಹೋಗೋ ಬಸ್ಸು ಹತ್ತಿ. 'ಇವತ್ತು ರಾಶಿ ಅಡಿಕೆ ಟೆಂಡರ್ ಎಷ್ಟಕ್ಕಾಯ್ತು?' ಅನ್ನೋ ಮಾತು ಕಿವಿಗೆ ಬೀಳದಿದ್ರೆ ಕೇಳಿ!

ಟೆಂಡರ್ ಇಂಗ್ಲಿಷ್ ಪದ. ಮೂಲ ಲ್ಯಾಟಿನ್. ಅಲ್ಲಿ ಅದರ ಅರ್ಥ 'ಚಾಚು'. 'ಇಷ್ಟು ಕೊಡ್ತೇನೆ' ಅಂತ ವ್ಯಾಪಾರಿ ದರವನ್ನ ಮುಂದೆ ಚಾಚೋದೇ ಟೆಂಡರ್.

ಲಿಲಾವು ಅಂದ್ರೂ ಇದೇ ಅಲ್ವಾ? ಅಲ್ಲ. ಲಿಲಾವಲ್ಲಿ ಎಲ್ಲರೆದುರು ಕೂಗಿ ಕೂಗಿ ದರ ಏರಿಸ್ತಾರೆ. ಟೆಂಡರಲ್ಲಿ ಪ್ರತಿಯೊಬ್ಬನೂ ಅಡಿಕೆ ನೋಡಿ, ಕೈಯಲ್ಲಿ ಹಿಡಿದು, ತನ್ನ ದರ ಗುಟ್ಟಾಗಿ ಕೊಡ್ತಾನೆ. ಪಕ್ಕದವನ ದರ ಗೊತ್ತಾಗೋದಿಲ್ಲ. ಹೆಚ್ಚು ದರ ಕೊಟ್ಟವನಿಗೆ ಮಾಲು.

ಇನ್ನು ತಮಾಷೆ ನೋಡಿ. ಎಳನೀರಿಗೂ ಟೆಂಡರ್ ಕೋಕೊನಟ್ ಅಂತಾರೆ! ಅಲ್ಲಿ ಟೆಂಡರ್ ಅಂದ್ರೆ ಎಳೆಯದು, ಮೆತ್ತಗಿನದು. ಅದರ ಲ್ಯಾಟಿನ್ ಮೂಲಪದವೇ ಬೇರೆ. ಅಡಿಕೆ ದರ ಬಿದ್ದ ದಿನ ಮಾತ್ರ ಟೆಂಡರಲ್ಲಿ ಮೆತ್ತಗಿನದ್ದು ಏನೂ ಇರೋದಿಲ್ಲ ಬಿಡಿ.

ಆ ದರ ಕ್ವಿಂಟಲ್ ಲೆಕ್ಕದಲ್ಲಿ. ಕ್ವಿಂಟಲ್ ಅಂದ್ರೆ 100 ಕಿಲೋ. ಅದೂ ಲ್ಯಾಟಿನ್ನಿನ 'ನೂರು' ಅನ್ನೋ ಪದದಿಂದ ಹೊರಟು, ಅರಬ್ಬಿ ದಾಟಿ, ಇಂಗ್ಲಿಷಿಗೆ ಬಂದಿದ್ದು.

ಇನ್ನು ಅಡಿಕೆ ಟೆಂಡರ್ ನಡೆಸೋ ಟಿಎಸ್‌ಎಸ್, 1923ರಲ್ಲಿ ಶಿರಸಿಯಲ್ಲಿ ಶುರುವಾದ ತೋಟಗಾರರ ಸಂಘ. ಆ ಹೆಸರೂ ಇಂಗ್ಲಿಷ್ ಅಕ್ಷರಗಳೇ. ಬಿಡಿಸಿ ಹೇಳಿ ಅಂತ ಮನೇಲಿ ಅಜ್ಜನ್ನ ಕೇಳಿ ನೋಡಿ.