ಹೊಸ ಕೋಣೆಯ ನೆಲದಡಿ ಒಸರು ನೀರು

ಮಗನ ಮದುವೆಗೆಂದೋ, ಮೆಟ್ಟಲು ಹತ್ತಲಾಗದ ಅಜ್ಜ-ಅಜ್ಜಿಯರಿಗೆಂದೋ ಹಳೆಮನೆಗೆ ಒಂದು ಕೋಣೆ ಸೇರಿಸುವುದು ನಮ್ಮ ಊರುಗಳಲ್ಲಿ ವಾಡಿಕೆ. ಎದುರಿನ ಅಂಗಳ ಅಡಿಕೆ ಒಣಗಿಸಲು ಬೇಕು. ಆದುದರಿಂದ ಮನೆಯ ಹಿಂದಿನ ಗುಡ್ಡ ಕಡಿದು ಜಾಗ ಮಾಡುತ್ತೇವೆ. ಬೇಸಿಗೆಯಲ್ಲಿ ಕಟ್ಟಿದ ಕೋಣೆ ನೋಡಲು ಚೆಂದ. ಆಟಿಯ ಮಳೆ ಹಿಡಿದಾಗ ನೆಲ ಬೆವರುತ್ತದೆ, ಗೋಡೆಯ ಬುಡ ಕಪ್ಪಾಗುತ್ತದೆ, ಟೈಲ್ಸ್ ಸಂದಿನಿಂದ ನೀರು ಜಿನುಗುತ್ತದೆ. ಮೇಲಿಂದ ಮತ್ತೊಂದು ಪದರ ಸಿಮೆಂಟು ಬಳಿದರೂ ಮರುವರ್ಷ ಅದೇ ಪಾಡು.

ನೀರು ಬರುವ ದಾರಿ

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಬೀಳುತ್ತದೆ. ಮುರಕಲ್ಲಿನಲ್ಲಿ ತೂತುಗಳು ಹೆಚ್ಚು. ಮಳೆನೀರು ಬೇಗ ಕೆಳಗಿಳಿಯುತ್ತದೆ. ಅಡಿಯ ಶೇಡಿ ಮಣ್ಣು ಅದನ್ನು ಸುಲಭವಾಗಿ ಬಿಡುವುದಿಲ್ಲ. ಆಗ ನೀರು ಅಡ್ಡಕ್ಕೆ ಹರಿದು, ಗುಡ್ಡ ಕಡಿದ ಕಡೆ ಹೊರಬರುತ್ತದೆ. ನಮ್ಮ ಹಿರಿಯರು ಸುರಂಗ ಕೊರೆದು ನೀರು ತಂದದ್ದು ಇದೇ ಗುಣ ತಿಳಿದು. ಗುಡ್ಡ ಕಡಿದು ಕೋಣೆ ಕಟ್ಟಿದವರೂ ಗೊತ್ತಿಲ್ಲದೆ ಸಣ್ಣದೊಂದು ಸುರಂಗದ ಬಾಯಿಯನ್ನೇ ತೆರೆದಂತೆ. ಸುರಂಗದ ನೀರನ್ನು ಯಾರೂ ತಡೆಯುವುದಿಲ್ಲ, ದಾರಿ ಮಾಡಿ ಹರಿಸುತ್ತಾರೆ. ಇಲ್ಲಿಯೂ ಉಪಾಯ ಅದುವೇ.

ಮೊದಲು ಪರೀಕ್ಷೆ

ಒಂದು ಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಒಂದೆರಡು ದಿನ ಬಿಡಿ. ಹಾಳೆಯ ಅಡಿಯಲ್ಲಿ ನೀರು ಕಂಡರೆ ಅದು ನೆಲದಿಂದ ಬಂದದ್ದು. ಮೇಲ್ಭಾಗ ಮಾತ್ರ ಒದ್ದೆಯಾದರೆ ಅದು ಗಾಳಿಯ ತೇವ. ಅದಕ್ಕೆ ಕಿಟಕಿ ತೆರೆದು ಗಾಳಿಯಾಡಿಸಿದರೆ ಸಾಕು.

ಪರಿಹಾರ

ಅಡಿಕೆ ತೋಟದ ಬಸಿಗಾಲುವೆಯನ್ನು ನೆನಪಿಸಿಕೊಳ್ಳಿ. ಬರೆಗೂ ಗೋಡೆಗೂ ನಡುವೆ, ಕೋಣೆಯ ನೆಲಕ್ಕಿಂತ ಕನಿಷ್ಠ ಒಂದಡಿ ತಗ್ಗಿನಲ್ಲಿ ಕಣಿ ತೋಡಬೇಕು. ಗೋಡೆಯಿಂದ ಸುಮಾರು ಮೂರಡಿ ದೂರ ಬಿಡಿ. ಪಂಚಾಂಗದ ತಳಕ್ಕಿಂತ ಆಳ ಹೋಗಬೇಡಿ. ಕಣಿಯಲ್ಲಿ ತೂತು ಕೊರೆದ ಪಿವಿಸಿ ಪೈಪ್ ಇಟ್ಟು ಸುತ್ತ ದಪ್ಪ ಜಲ್ಲಿ ತುಂಬಬೇಕು. ನೂರಡಿಗೆ ಒಂದಡಿ ಇಳಿಜಾರು ಇರಲಿ. ಕೊನೆಯನ್ನು ತೋಡಿಗೆ ಬಿಡಿ; ಬಾವಿಗೂ ಬೇಡ, ಕೆಳಗಿನ ಮನೆಯವರ ಅಂಗಳಕ್ಕೂ ಬೇಡ. ಈ ಕೆಲಸ ಬೇಸಿಗೆಯಲ್ಲೇ ಆಗಬೇಕು. ಮಳೆಗಾಲದಲ್ಲಿ ಬರೆಯ ಬುಡ ಅಗೆದರೆ ಧರೆ ಕುಸಿದು ಜೀವಕ್ಕೇ ಅಪಾಯ.

ಹೊಸದಾಗಿ ಕಟ್ಟುವವರು ನೆಲದ ಕಾಂಕ್ರೀಟಿನ ಅಡಿಗೆ ನಾಲ್ಕರಿಂದ ಆರು ಇಂಚು ದಪ್ಪ ಜಲ್ಲಿಯನ್ನು, ಪುಡಿ ಇಲ್ಲದಂತೆ ಜರಡಿ ಹಿಡಿದು ಹಾಸಲಿ. ಸಣ್ಣ ಮಣ್ಣು ದೀಪದ ಬತ್ತಿಯಂತೆ ನೀರನ್ನು ಮೇಲಕ್ಕೆ ಎಳೆಯುತ್ತದೆ; ದಪ್ಪ ಜಲ್ಲಿ ಎಳೆಯುವುದಿಲ್ಲ. ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಆಮೇಲೆ ಕಾಂಕ್ರೀಟು. ಜಲ್ಲಿಯ ಪದರದಿಂದ ಕಣಿಗೆ ಒಂದು ಪೈಪ್ ಬಿಡಲು ಮರೆಯಬೇಡಿ. ದಾರಿಯಿಲ್ಲದ ಜಲ್ಲಿ ನೆಲದಡಿಯ ಕೆರೆಯಾದೀತು. ಗದ್ದೆ ಬದಿಯ ಸಮತಟ್ಟು ಜಾಗದಲ್ಲಿ ನೀರು ಬಸಿದು ಹೋಗಲು ತಗ್ಗೇ ಇಲ್ಲ. ಅಲ್ಲಿ ಪಂಚಾಂಗವನ್ನೇ ಒಂದೆರಡು ಅಡಿ ಎತ್ತರಿಸುವುದು ಲೇಸು.

ಆರೋಗ್ಯದ ಮಾತು

ತೇವದ ಕೋಣೆಯಲ್ಲಿ ಬೂಸಲು ಬೆಳೆಯುತ್ತದೆ. ಅಂಥ ಮನೆಗಳಲ್ಲಿ ಕೆಮ್ಮು, ದಮ್ಮು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೇಳಿದೆ. ಹೆಚ್ಚು ಬಾಧೆ ನೆಲದಲ್ಲಿ ಚಾಪೆ ಹಾಸಿ ಮಲಗುವ ಹಿರಿಯರಿಗೆ, ಅಂಬೆಗಾಲಿಡುವ ಮಕ್ಕಳಿಗೆ. ಅವರನ್ನು ಮಂಚದ ಮೇಲೆ ಅಥವಾ ಒಣ ಕೋಣೆಯಲ್ಲಿ ಮಲಗಿಸಿ. ಅಡಿಕೆ, ಅಕ್ಕಿಯ ಚೀಲಗಳನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ.

ಒಸರು ನೀರು ವಾಸನೆ ಬಂದರೆ ಶೌಚ ಗುಂಡಿಯ ನೀರು ಸೇರಿರಬಹುದು. ಕೇರಳದ ಕಟ್ಟಡ ನಿಯಮದಂತೆ ಇಂಗುಗುಂಡಿಗೂ ಬಾವಿಗೂ ನಡುವೆ ಕನಿಷ್ಠ 7.5 ಮೀಟರ್ ಅಂತರ ಬೇಕು. ಸಂಶಯವಿದ್ದರೆ ಬಾವಿ ನೀರನ್ನು ಪರೀಕ್ಷೆ ಮಾಡಿಸಿ. ಅಲ್ಲಿಯ ತನಕ ಕುದಿಸಿಯೇ ಕುಡಿಯಿರಿ.

ಕೋಣೆ ಕಟ್ಟಲು ಹೊರಟವರು ಒಂದು ಮಳೆಗಾಲ ಕಾದು, ಆ ಜಾಗದಲ್ಲಿ ಮೂರಡಿ ಗುಂಡಿ ತೋಡಿ, ನೀರು ಎಷ್ಟು ಎತ್ತರಕ್ಕೆ ಏರುತ್ತದೆಂದು ನೋಡಿಕೊಳ್ಳಿ. ಗುಂಡಿಗೆ ಮಕ್ಕಳು ಬೀಳದಂತೆ ಬೇಲಿ ಇರಲಿ. ಮೇಸ್ತ್ರಿಯನ್ನು ಕರೆಸುವುದು ಆಮೇಲೆ.