ನೆಪ ತೀರಿದ ಮೇಲೂ ಉಳಿಯುವ ಯುದ್ಧ

ಪರದೇಶದ ಮೇಲೆ ದಂಡೆತ್ತಿ ಹೋಗುವುದು ಯಾವಾಗ ನ್ಯಾಯ ಎಂಬ ಪ್ರಶ್ನೆ 2003ರ ಮಾರ್ಚ್ 20ರಂದು ಅಮೆರಿಕ ಮತ್ತು ಅದರ ಮಿತ್ರರು ಇರಾಕಿನೊಳಗೆ ನುಗ್ಗಿದಾಗ ಜಗತ್ತಿನೆಲ್ಲೆಡೆ ಚರ್ಚೆಯಾಯಿತು. 2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ಪೂರ್ಣಪ್ರಮಾಣದ ದಾಳಿ ನಡೆಸಿದಾಗ ಅದೇ ಪ್ರಶ್ನೆ ಮತ್ತೆ ಎದ್ದಿತು. ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯವನಾದ ನನಗೆ ಈ ಪ್ರಶ್ನೆ ಬಾಗ್ದಾದಿನದೂ ಅಲ್ಲ, ಕೀವ್ ನಗರದ್ದೂ ಅಲ್ಲ. ನಮ್ಮ ಸೀಮೆ ಒಂದು ಆಕ್ರಮಣದ ದಾರಿಯಾಗಿತ್ತು. 1799ರ ಮಾರ್ಚ್ 27ರಂದು ಜನರಲ್ ಹ್ಯಾರಿಸನ ಸೈನ್ಯವೂ ಟಿಪ್ಪು ಸುಲ್ತಾನನ ಸೈನ್ಯವೂ ಎದುರುಬದುರಾದದ್ದು ಇದೇ ಮಳವಳ್ಳಿಯ ಬಯಲಿನಲ್ಲಿ. ಅಲ್ಲಿಂದ ಮೂರು ದಿನಗಳಲ್ಲಿ ಕಂಪನಿಯ ದಂಡು ಸೋಸಲೆಯ ಬಳಿ ಕಾವೇರಿಯನ್ನು ದಾಟಿತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು.

ಈ ಯುದ್ಧಕ್ಕೆ ಕೊಟ್ಟ ಕಾರಣವನ್ನು ನೋಡೋಣ. 1798ರ ಜನವರಿಯಲ್ಲಿ ಮಾರಿಷಸ್‌ನ ಫ್ರೆಂಚ್ ಗವರ್ನರ್ ಮಲಾರ್ಟಿಕ್ ಒಂದು ಘೋಷಣೆ ಹೊರಡಿಸಿ, ಬ್ರಿಟಿಷರ ವಿರುದ್ಧ ಟಿಪ್ಪುವಿಗೆ ನೆರವಾಗಲು ಸ್ವಯಂಸೇವಕರು ಮುಂದೆ ಬರಬೇಕೆಂದು ಕರೆ ಕೊಟ್ಟನು. ಆ ಕರೆಗೆ ಓಗೊಟ್ಟು ಮಂಗಳೂರಿನಲ್ಲಿ ಬಂದಿಳಿದವರು ಸುಮಾರು ನೂರು ಮಂದಿ. ಅದೇ ವರ್ಷ ಗವರ್ನರ್ ಜನರಲ್ ಆಗಿ ಬಂದ ರಿಚರ್ಡ್ ವೆಲ್ಲೆಸ್ಲಿಗೆ ಅಷ್ಟು ಸಾಕಾಯಿತು. ನೆಪೋಲಿಯನ್ ಈಜಿಪ್ಟಿಗೆ ಬಂದಿಳಿದಿದ್ದಾನೆ, ಮುಂದಿನ ಗುರಿ ಭಾರತವೇ ಎಂಬ ಭೀತಿಯೂ ಅದಕ್ಕೆ ಸೇರಿಕೊಂಡಿತು.

ಆ ಭೀತಿ ಪೂರಾ ಕಟ್ಟುಕಥೆಯೆಂದು ನಾನು ಹೇಳಲಾರೆ. ಟಿಪ್ಪು ಫ್ರೆಂಚರಿಗೂ ಅಫ್ಘಾನಿಸ್ತಾನದ ಜಮಾನ್ ಷಾನಿಗೂ ಪತ್ರ ಬರೆದದ್ದು ನಿಜ. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ತೆರಬೇಕಾಗಿ ಬಂದು, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟಿದ್ದ ಅರಸ ಮಿತ್ರರನ್ನು ಹುಡುಕಿದ್ದರಲ್ಲಿ ಆಶ್ಚರ್ಯವೂ ಇಲ್ಲ. ಆದರೆ ಆ ವರ್ಷದ ಆಗಸ್ಟಿನಲ್ಲೇ ನೈಲ್ ನದಿಯ ಮುಖದಲ್ಲಿ ನೆಲ್ಸನ್ ಫ್ರೆಂಚ್ ನೌಕಾಪಡೆಯನ್ನು ಧ್ವಂಸ ಮಾಡಿದ್ದನು. ಹೈದರಾಬಾದಿನ ನಿಜಾಮನಲ್ಲಿದ್ದ ಫ್ರೆಂಚ್ ಪಡೆಯನ್ನು ಅಕ್ಟೋಬರಿನಲ್ಲಿ ವಿಸರ್ಜಿಸಲಾಗಿತ್ತು. ನೈಲ್ ಗೆಲುವಿನ ಸುದ್ದಿಯನ್ನು ನವೆಂಬರಿನಲ್ಲಿ ಟಿಪ್ಪುವಿಗೆ ಬರೆದು ತಿಳಿಸಿದವನು ಸ್ವತಃ ವೆಲ್ಲೆಸ್ಲಿ. ಅಪಾಯ ದೂರವಾಯಿತೆಂದು ಎದುರಾಳಿಗೆ ತಾನೇ ತಿಳಿಸಿದವನು ನಾಲ್ಕು ತಿಂಗಳೊಳಗೆ ಅದೇ ಅಪಾಯದ ಹೆಸರಿನಲ್ಲಿ ದಂಡು ಕಳುಹಿಸಿದನು. ಪಟ್ಟಣ ಬಿದ್ದ ಮೇಲೆ ಅರಮನೆಯ ಕಡತಗಳಲ್ಲಿ ಸಿಕ್ಕ ಪತ್ರಗಳನ್ನು ಅನುವಾದಿಸಿ ಪ್ರಕಟಿಸಲಾಯಿತು. ತೀರ್ಪು ಜಾರಿಯಾದ ಬಳಿಕ ಸಾಕ್ಷ್ಯ ಕೂಡಿಸುವ ಕ್ರಮವಿದು.

ಇರಾಕಿನ ವಿಷಯದಲ್ಲಿ ಇಷ್ಟೂ ದಕ್ಕಲಿಲ್ಲ. 2003ರ ಫೆಬ್ರುವರಿಯಲ್ಲಿ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದೆ ಸಮೂಹನಾಶಕ ಅಸ್ತ್ರಗಳ ವಿವರ ಮಂಡಿಸಿದರು. 2004ರಲ್ಲಿ ಅಮೆರಿಕವೇ ನೇಮಿಸಿದ್ದ ತನಿಖಾ ತಂಡ ಅಂಥ ಅಸ್ತ್ರಗಳ ದಾಸ್ತಾನು ಅಲ್ಲಿರಲಿಲ್ಲವೆಂದು ವರದಿ ಮಾಡಿತು. ಶಾಂತಿಯುತ ಮಾರ್ಗಗಳೆಲ್ಲ ಮುಗಿಯುವ ಮೊದಲೇ ಯುದ್ಧಕ್ಕೆ ಇಳಿಯಲಾಯಿತೆಂದು ಬ್ರಿಟನ್ನಿನ ಚಿಲ್ಕಾಟ್ ವಿಚಾರಣೆ 2016ರಲ್ಲಿ ಹೇಳಿತು. ಅಷ್ಟರಲ್ಲಿ ಹದಿಮೂರು ವರ್ಷ ಕಳೆದುಹೋಗಿದ್ದವು.

ಕಾರಣ ಸುಳ್ಳಾದರೂ ಪರಿಣಾಮ ಸುಳ್ಳಾಗುವುದಿಲ್ಲ. ಅದನ್ನು ಮೊದಲು ಉಣ್ಣುವವರು ದಾರಿಯಲ್ಲಿರುವ ಊರುಗಳ ಜನ. ಹೈದರಾಲಿ ಮಳವಳ್ಳಿಯನ್ನು ತನ್ನ ಮಗ ಟಿಪ್ಪುವಿಗೆ ಜಹಗೀರಾಗಿ ಕೊಟ್ಟಿದ್ದನು. ಅಲ್ಲಿ ಹಣ್ಣಿನ ತೋಟಗಳಿದ್ದವು. 1799ರ ಕಾಳಗದಲ್ಲಿ ಸೋತು ಹಿಂದೆ ಸರಿದ ಟಿಪ್ಪು, ಶತ್ರುವಿಗೆ ಉಪಯೋಗವಾಗಬಾರದೆಂದು ಅದೇ ಊರನ್ನು ಹಾಳುಗೆಡವಿದನೆಂದು ಮೈಸೂರಿನ ಗೆಜೆಟಿಯರ್ ದಾಖಲಿಸಿದೆ. ಎಂಟು ವರ್ಷ ಮೊದಲು, 1791ರಲ್ಲಿ, ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣಕ್ಕೆ ನಡೆದಾಗಲೂ ದಾರಿಯ ಮೇವು ಧಾನ್ಯಗಳನ್ನು ಸುಡಲಾಗಿತ್ತು. ಅರಕೆರೆಯವರೆಗೆ ಬಂದ ಆ ದಂಡಿನ ಎತ್ತುಗಳು ಹಸಿವಿನಿಂದ ಸತ್ತು, ಭಾರಿ ತೋಪುಗಳನ್ನು ತಾನೇ ನಾಶಪಡಿಸಿ ಅದು ಹಿಂದಿರುಗಬೇಕಾಯಿತು. ಸೇನಾತಂತ್ರದ ಪುಸ್ತಕಗಳು ಇದನ್ನು ಜಾಣ್ಮೆಯೆಂದು ಹೊಗಳಬಹುದು. ಸುಟ್ಟ ಬಣವೆ ಮಾತ್ರ ರೈತನದು. ದಾಳಿ ಮಾಡಿದವನ ಹಸಿವಿಗೆ ಅವನ ಬೆಳೆಯ ಒಂದು ಪಾಲು ಹೋಗುತ್ತದೆ. ಆ ಹಸಿವು ತೀರಬಾರದೆಂದು ಅವನ ದೊರೆಯೇ ಇನ್ನೊಂದು ಪಾಲಿಗೆ ಬೆಂಕಿಯಿಡುತ್ತಾನೆ. ಮೂರನೆಯ ಪಾಲು ಎಲ್ಲಿಂದ ಬರಬೇಕು?

ಪಟ್ಟಣ ಬಿದ್ದ ರಾತ್ರಿ ಲೂಟಿ ನಡೆಯಿತು. ಹಲವರನ್ನು ಗಲ್ಲಿಗೇರಿಸಿ ಅದನ್ನು ನಿಲ್ಲಿಸಿದವನು ವೆಲ್ಲೆಸ್ಲಿಯ ತಮ್ಮ ಆರ್ಥರ್. ಆಮೇಲೆ ನಡೆದದ್ದು ಕ್ರಮಬದ್ಧ ಹಂಚಿಕೆ. ಹನ್ನೊಂದು ಲಕ್ಷ ಪೌಂಡಿಗೂ ಮೀರಿದ ಸಂಪತ್ತು ಸೈನ್ಯಕ್ಕೆ ಹಂಚಿಹೋಯಿತು. ಟಿಪ್ಪುವಿನ ಮರದ ಹುಲಿ ಇಂದಿಗೂ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದೆ. 2003ರ ಏಪ್ರಿಲಿನಲ್ಲಿ ಬಾಗ್ದಾದಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಲೂಟಿಯಾದಾಗ ನನಗೆ ನೆನಪಾದದ್ದು ಶ್ರೀರಂಗಪಟ್ಟಣ.

ಚದುರಿದ ಸೈನಿಕರು ಎಲ್ಲಿಗೆ ಹೋಗುತ್ತಾರೆ ಎಂಬುದನ್ನೂ ಗೆದ್ದವರು ಮೊದಲೇ ಯೋಚಿಸುವುದಿಲ್ಲ. ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಿದ್ದ ಧೋಂಡಿಯಾ ವಾಘನ ಸುತ್ತ ಟಿಪ್ಪುವಿನ ದಂಡಿನ ಅನೇಕರು ಕೂಡಿಕೊಂಡರು. 1800ರ ಸೆಪ್ಟೆಂಬರಿನಲ್ಲಿ ಅವನು ಹತನಾಗುವವರೆಗೆ ಉತ್ತರ ಕರ್ನಾಟಕದ ಸೀಮೆಗಳಿಗೆ ನೆಮ್ಮದಿ ಇರಲಿಲ್ಲ. 2003ರ ಮೇ ತಿಂಗಳಲ್ಲಿ ಇರಾಕಿ ಸೈನ್ಯವನ್ನು ಒಂದು ಆಜ್ಞೆಯಿಂದ ವಿಸರ್ಜಿಸಿದವರು ಈ ಕಥೆಯನ್ನು ಓದಿರಲಿಲ್ಲ. ಕೆಲಸ ಕಳೆದುಕೊಂಡವರ ಕೈಯಲ್ಲಿ ಬಂದೂಕು ಉಳಿದಿತ್ತು. ಆ ಸೈನ್ಯದ ಕೆಲವು ಅಧಿಕಾರಿಗಳು ಮುಂದೆ, 2014ರಲ್ಲಿ ಮೊಸೂಲನ್ನು ವಶಪಡಿಸಿಕೊಂಡ ಐಸಿಸ್ ಸಂಘಟನೆಯಲ್ಲಿ ಕಾಣಿಸಿಕೊಂಡರು.

ಇದಕ್ಕೊಂದು ಎದುರುವಾದವಿದೆ, ಅದನ್ನು ಕಡೆಗಣಿಸುವುದು ನ್ಯಾಯವಲ್ಲ. ಟಿಪ್ಪು ತಾನೂ ಕೊಡಗು, ಮಲಬಾರುಗಳ ಮೇಲೆ ದಂಡೆತ್ತಿ ಹೋದವನು. ಶ್ರೀರಂಗಪಟ್ಟಣದ ಪತನದಿಂದ ಕರಾವಳಿಯ ಕ್ರೈಸ್ತರು ಸೆರೆಯಿಂದ ಬಿಡುಗಡೆ ಹೊಂದಿದರು. ರಾಣಿ ಲಕ್ಷ್ಮಮ್ಮಣ್ಣಿಯವರು ದಶಕಗಳ ಕಾಲ ಪ್ರಯತ್ನಿಸಿದ್ದು ಫಲಿಸಿ, ಐದು ವರ್ಷದ ಕೃಷ್ಣರಾಜ ಒಡೆಯರ್ ಪಟ್ಟಕ್ಕೆ ಬಂದರು. ಇವರಿಗೆಲ್ಲ ಅದು ವಿಮೋಚನೆಯೇ. ಸದ್ದಾಂ ಹುಸೇನನ ಪತನವನ್ನು ಕುರ್ದರು ಸ್ವಾಗತಿಸಿದ್ದೂ ಹೀಗೆಯೇ. ಆದರೆ ವಿಮೋಚನೆ ದಾನವಾಗಿ ಬರಲಿಲ್ಲ. ಅದರ ಬೆಲೆಪಟ್ಟಿ ಒಪ್ಪಂದದೊಳಗೇ ಇತ್ತು.

1799ರ ಜುಲೈ ಒಪ್ಪಂದದಂತೆ ಮೈಸೂರು ವರ್ಷಕ್ಕೆ ಏಳು ಲಕ್ಷ ವರಹ ಕಪ್ಪ ಕೊಡಬೇಕಾಯಿತು. ಹೊಸ ರಾಜ್ಯಕ್ಕೆ ಅಂದಾಜು ಮಾಡಿದ್ದ ಹುಟ್ಟುವಳಿ ಹದಿಮೂರು ಲಕ್ಷ ಚಿಲ್ಲರೆ ವರಹ, ಅಂದರೆ ಕಪ್ಪವೇ ಅದರ ಅರ್ಧ. ರಾಜ್ಯದ ಹಣಕಾಸು ಕೆಟ್ಟಿದೆಯೆನಿಸಿದರೆ ಆಡಳಿತವನ್ನು ಕಂಪನಿಯೇ ಕೈಗೆ ತೆಗೆದುಕೊಳ್ಳುವ ಷರತ್ತೂ ಅದರಲ್ಲಿತ್ತು. ಕಂದಾಯದ ಭಾರಕ್ಕೆ ರೋಸಿದ ರೈತರು 1830ರಲ್ಲಿ ನಗರ ಸೀಮೆಯಲ್ಲಿ ದಂಗೆಯೆದ್ದಾಗ ಆ ಷರತ್ತಿಗೆ ಕೆಲಸ ಸಿಕ್ಕಿತು. 1831ರಲ್ಲಿ ಬೆಂಟಿಂಕ್ ರಾಜ್ಯವನ್ನು ವಶಕ್ಕೆ ತೆಗೆದುಕೊಂಡನು. ಅದು ಹಿಂತಿರುಗಿದ್ದು 1881ರಲ್ಲಿ, ಅದೂ ಕಪ್ಪವನ್ನು ಮತ್ತಷ್ಟು ಏರಿಸುವ ಕರಾರಿನೊಂದಿಗೆ. ಮಾರಿಷಸ್‌ನ ಗೋಡೆಗೆ ಅಂಟಿಸಿದ್ದ ಒಂದು ಕಾಗದದಿಂದ ಹುಟ್ಟಿದ ನೆಪ ಕೆಲವೇ ತಿಂಗಳಲ್ಲಿ ಸವೆದುಹೋಗಿತ್ತು. ಅದರ ಹೆಸರಿನಲ್ಲಿ ವಿಧಿಸಿದ ಸಾಲವನ್ನು ಮಂಡ್ಯ, ಮಳವಳ್ಳಿಗಳ ಮೂರು ನಾಲ್ಕು ತಲೆಮಾರಿನ ರೈತರು ಕಂದಾಯವಾಗಿ ತೀರಿಸಿದರು.

ಆತ್ಮರಕ್ಷಣೆಗಾಗಿ ಹೋರಾಡುವ ಹಕ್ಕು ಎಲ್ಲ ದೇಶಗಳಿಗೂ ಇದೆ; ವಿಶ್ವಸಂಸ್ಥೆಯ ಸನ್ನದು ಅದನ್ನು ಒಪ್ಪುತ್ತದೆ. ಆದರೆ ಮುಂದೆಂದೋ ಬರಬಹುದಾದ ಅಪಾಯವನ್ನು ಇಂದೇ ತಡೆಯುತ್ತೇವೆಂದು ಹೊರಡುವ ಪ್ರತಿಯೊಂದು ಸರಕಾರವನ್ನೂ, ಅದು ನಮ್ಮದೇ ಆಗಿರಲಿ, ಪ್ರಜೆಗಳು ಎರಡು ಪ್ರಶ್ನೆ ಕೇಳಬೇಕು. ನೀವು ಹೇಳುವ ಅಪಾಯ ದಂಡು ಹೊರಡುವ ದಿನವೂ ಉಳಿದಿದೆಯೇ? ಯುದ್ಧದ ಖರ್ಚನ್ನು ಯಾರ ಹೆಸರಿನಲ್ಲಿ, ಎಷ್ಟು ವರ್ಷಗಳವರೆಗೆ ಬರೆದಿಟ್ಟಿದ್ದೀರಿ? ಮೊದಲನೆಯ ಪ್ರಶ್ನೆಗೆ ಆಳುವವರು ಹೇಗೋ ಒಂದು ಉತ್ತರವನ್ನು ಹೊಂದಿಸಿಕೊಳ್ಳುತ್ತಾರೆ. ಎರಡನೆಯದಕ್ಕೆ ಉತ್ತರ ಹೇಳಿ ಯುದ್ಧಕ್ಕೆ ಹೋದವರು ಚರಿತ್ರೆಯಲ್ಲಿ ನನಗೆ ಕಂಡಿಲ್ಲ. ದಾರಿಯಲ್ಲಿರುವ ಊರಿನವರು ಕೇಳಬೇಕಾದದ್ದು ಈ ಎರಡನೆಯ ಪ್ರಶ್ನೆಯನ್ನೇ.