ಹಳ್ಳಿಯಲ್ಲಿ ಸಾಲ: ಯಾವ ಬಾಗಿಲನ್ನು ಮೊದಲು ತಟ್ಟಬೇಕು?

ರಾತ್ರಿ ಹೊತ್ತು ಮನೆಯಲ್ಲಿ ಯಾರಿಗಾದರೂ ಕಾಯಿಲೆ ಜೋರಾದರೆ, ಮಗಳ ಕಾಲೇಜು ಶುಲ್ಕ ಕಟ್ಟಲು ಎರಡೇ ದಿನ ಉಳಿದಿದ್ದರೆ, ಹಾಲು ಕೊಡುವ ಹಸು ಇದ್ದಕ್ಕಿದ್ದಂತೆ ಸತ್ತುಹೋದರೆ, ಹಳ್ಳಿಯ ಬಡ ಕುಟುಂಬಕ್ಕೆ ಮೊದಲು ನೆನಪಾಗುವುದು ಬ್ಯಾಂಕ್ ಅಲ್ಲ. ಬಡ್ಡಿಗೆ ಹಣ ಕೊಡುವ ಪರಿಚಯದವರ ಮನೆ. ಆ ಮನೆಯ ಬಾಗಿಲು ರಾತ್ರಿಯೂ ತೆರೆದಿರುತ್ತದೆ. ಅಲ್ಲಿ ಪಹಣಿ ಕೇಳುವುದಿಲ್ಲ, ಜಾಮೀನುದಾರರನ್ನು ಕರೆತರಲು ಹೇಳುವುದಿಲ್ಲ. ಈ ಅನುಕೂಲಕ್ಕೆ ತೆರುವ ಬೆಲೆ ಮಾತ್ರ ವರ್ಷಗಟ್ಟಲೆ ಬೆನ್ನು ಬಿಡುವುದಿಲ್ಲ.

ಕನಕಪುರ ತಾಲೂಕಿನ ಕೋಡಿಹಳ್ಳಿ ಹೋಬಳಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. 2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆಗೆ ಸೇರಿದ ಊರಿದು. ಆ ಜಿಲ್ಲೆಗೆ 2025ರಲ್ಲಿ ಸರಕಾರ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿದೆ. ರಾಗಿ, ರೇಷ್ಮೆ ಮತ್ತು ಹೈನುಗಾರಿಕೆ ಈ ಸೀಮೆಯ ಜನರ ಬದುಕಿಗೆ ಆಧಾರ. ನಮ್ಮ ಕರಾವಳಿಯ ಓದುಗರಿಗೆ ಇದು ದೂರದ ಊರಾದರೂ ಅಲ್ಲಿನ ಸಾಲದ ಲೆಕ್ಕ ಬೈಂದೂರಿನ ಅಥವಾ ಬೆಳ್ತಂಗಡಿಯ ಮನೆಗಳಿಗೂ ಹೊಂದುತ್ತದೆ. ಇಂತಹ ಊರುಗಳಲ್ಲಿ ಸಾಲ ಕೊಡುವವರಿಗೆ ಕೊರತೆಯಿಲ್ಲ. ಕಡಿಮೆ ಬಡ್ಡಿಯ ಸಾಲಕ್ಕೆ ಮೊದಲೇ ಮಾಡಿಕೊಳ್ಳಬೇಕಾದ ತಯಾರಿ ಮಾತ್ರ ನಮ್ಮಲ್ಲಿ ಕಡಿಮೆ. ಆದುದರಿಂದ ಸಾಲದ ದಾರಿಯನ್ನು ಕಷ್ಟ ಬರುವ ಮುಂಚೆಯೇ ಹುಡುಕಿಟ್ಟುಕೊಳ್ಳಬೇಕು ಎಂಬುದೇ ಈ ಲೇಖನದಲ್ಲಿ ನಾವು ಹೇಳಬಯಸುವ ಮಾತು.

ಮೊದಲು ಬಡ್ಡಿಯ ಲೆಕ್ಕ

ಹಳ್ಳಿಗಳಲ್ಲಿ ಬಡ್ಡಿಯನ್ನು ವರ್ಷದ ಲೆಕ್ಕದಲ್ಲಿ ಹೇಳುವುದಿಲ್ಲ. "ನೂರಕ್ಕೆ ಐದು ರೂಪಾಯಿ" ಎಂದರೆ ತಿಂಗಳಿಗೆ ಶೇ. 5, ವರ್ಷಕ್ಕೆ ಶೇ. 60. ಹೀಗೆ 50,000 ರೂಪಾಯಿ ತಂದವರು ತಿಂಗಳಿಗೆ 2,500ರಂತೆ ವರ್ಷಕ್ಕೆ 30,000 ರೂಪಾಯಿ ಬಡ್ಡಿ ಕಟ್ಟುತ್ತಾರೆ. ಅಸಲು ಮಾತ್ರ ಒಂದು ಪೈಸೆಯೂ ಕರಗಿರುವುದಿಲ್ಲ.

ದಿನದ ಲೆಕ್ಕದ ಸಾಲ ಇದಕ್ಕಿಂತಲೂ ಮೋಸದ್ದು. ಹತ್ತು ಸಾವಿರ ಎಂದು ಬರೆದುಕೊಂಡು, ಒಂದು ಸಾವಿರ ಮೊದಲೇ ಮುರಿದು, ಕೈಗೆ ಒಂಬತ್ತು ಸಾವಿರ ಕೊಡುತ್ತಾರೆ. ದಿನಕ್ಕೆ ನೂರರಂತೆ ನೂರು ದಿನ ಕಟ್ಟಬೇಕು. ಒಂದು ಸಾವಿರ ತಾನೇ ಎಂದು ತೋರುತ್ತದೆ. ಆದರೆ ಪ್ರತಿದಿನ ಅಸಲು ಇಳಿಯುತ್ತಿರುವುದನ್ನು ಗಣನೆಗೆ ತೆಗೆದುಕೊಂಡರೆ ವರ್ಷದ ಬಡ್ಡಿ ಶೇ. 75ನ್ನು ಮೀರುತ್ತದೆ. ವಾರದ ಕಂತಿನಲ್ಲೂ ಇದೇ ಕಥೆ. ಹತ್ತು ಸಾವಿರಕ್ಕೆ ವಾರಕ್ಕೆ 240ರಂತೆ ಐವತ್ತು ವಾರ ಕಟ್ಟಿದರೆ ಒಟ್ಟು 12,000. ಇದನ್ನು ಶೇ. 20 ಬಡ್ಡಿ ಎಂದು ಹೇಳುತ್ತಾರೆ, ನಿಜದಲ್ಲಿ ಅದು ಶೇ. 38ರ ಆಸುಪಾಸಿನಲ್ಲಿರುತ್ತದೆ. ಆದುದರಿಂದ ಸಾಲ ಕೊಡುವವರು ಯಾರೇ ಇರಲಿ, "ಉಳಿದ ಅಸಲಿನ ಮೇಲೆ ವರ್ಷಕ್ಕೆ ಎಷ್ಟು ಬಡ್ಡಿ? ಎಲ್ಲಾ ಸೇರಿ ನಾನು ಎಷ್ಟು ಕಟ್ಟಬೇಕು?" ಎಂಬ ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1961ರ ಕರ್ನಾಟಕ ಲೇವಾದೇವಿದಾರರ ಕಾಯ್ದೆಯಂತೆ ಬಡ್ಡಿ ವ್ಯವಹಾರಕ್ಕೆ ಪರವಾನಗಿ ಬೇಕು. ಅದರ ಅಡಿಯಲ್ಲಿ ಅಡಮಾನವಿರುವ ಸಾಲಕ್ಕೆ ವರ್ಷಕ್ಕೆ ಶೇ. 14, ಇಲ್ಲದ ಸಾಲಕ್ಕೆ ಶೇ. 16ರ ಮಿತಿಯನ್ನು ಸರಕಾರ ಗೊತ್ತುಪಡಿಸಿದೆ. ಮೀಟರ್ ಬಡ್ಡಿಯಂತಹ ದುಬಾರಿ ಬಡ್ಡಿಯನ್ನು ತಡೆಯಲು 2004ರಲ್ಲಿ ಪ್ರತ್ಯೇಕ ಕಾಯ್ದೆಯೂ ಬಂದಿದೆ.

ಊರಿನ ಸೊಸೈಟಿ

ಜನ ಸೊಸೈಟಿ ಎಂದು ಕರೆಯುವ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ ರೈತನಿಗೆ ಮೊದಲ ಬಾಗಿಲಾಗಬೇಕು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದಿತು. ಮರುವರ್ಷವೇ, ಅಂದರೆ 1905ರಲ್ಲಿ, ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಂಘ ಆರಂಭವಾಯಿತು. ದೇಶದ ಸಹಕಾರ ಚಳವಳಿಯ ಚರಿತ್ರೆ ಅಲ್ಲಿಂದಲೇ ತೊಡಗುತ್ತದೆ. ನಮ್ಮ ಮಂಗಳೂರಿನಲ್ಲಿ 1912ರಲ್ಲಿ ಕಥೊಲಿಕ್ ಸಹಕಾರಿ ಬ್ಯಾಂಕ್ ಹುಟ್ಟಿಕೊಂಡದ್ದೂ ಇದೇ ಅಲೆಯಲ್ಲಿ. ಒಬ್ಬೊಬ್ಬರಾಗಿ ಹೋದರೆ ಸಿಗದ ಸಾಲ ಹತ್ತು ಮಂದಿ ಕೂಡಿದರೆ ಸಿಗುತ್ತದೆ ಎಂಬುದು ಈ ಸಂಸ್ಥೆಗಳ ಹಿಂದಿನ ಸರಳ ತತ್ವ.

ಇಂದು ಸೊಸೈಟಿಯ ಅಲ್ಪಾವಧಿ ಬೆಳೆಸಾಲ ಗಡುವಿನೊಳಗೆ ತೀರಿಸುವ ರೈತನಿಗೆ ಬಡ್ಡಿರಹಿತ. 2023ರ ಜುಲೈಯಲ್ಲಿ ಮಂಡಿಸಿದ ರಾಜ್ಯ ಬಜೆಟ್ಟಿನಲ್ಲಿ ಇದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ, ಶೇ. 3 ಬಡ್ಡಿಯ ಮಧ್ಯಮಾವಧಿ ಮತ್ತು ದೀರ್ಘಾವಧಿ ಸಾಲದ ಮಿತಿಯನ್ನು 10 ಲಕ್ಷದಿಂದ 15 ಲಕ್ಷಕ್ಕೆ ಏರಿಸಲಾಯಿತು. ಗಡುವು ದಾಟಿದರೆ ಬಡ್ಡಿರಹಿತ ಸೌಲಭ್ಯ ಕೈತಪ್ಪುತ್ತದೆ. ಮದುವೆಗೆ ಅಥವಾ ಆಸ್ಪತ್ರೆಗೆ ಬೆಳೆಸಾಲ ಸಿಗದು, ನಿಜ. ಆದರೆ ಬೀಜ ಗೊಬ್ಬರದ ಖರ್ಚು ಬೆಳೆಸಾಲದಲ್ಲಿ ನಡೆದರೆ ಕೈಯಲ್ಲಿರುವ ಹಣ ಮನೆಯ ಕಷ್ಟಕ್ಕೆ ಉಳಿಯುತ್ತದೆ.

ಇದಕ್ಕೆ ಸಂಘದ ಸದಸ್ಯತ್ವ ಬೇಕು, ಪಾಲು ಹಣ ಕಟ್ಟಿರಬೇಕು, ಪಹಣಿ ಸಾಲ ಕೇಳುವವರ ಹೆಸರಿನಲ್ಲಿರಬೇಕು. ಅನೇಕ ಮನೆಗಳಲ್ಲಿ ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಉಳಿದಿರುತ್ತದೆ. ಪೌತಿ ಖಾತೆ ಮಾಡಿಸಿಕೊಳ್ಳುವ ಓಡಾಟವನ್ನು ಮುಂದೂಡಿದ ಮನೆ ಕೊನೆಗೆ ಬಡ್ಡಿಯವರ ಮನೆ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಸ್ವಂತ ಜಮೀನಿಲ್ಲದೆ ಗುತ್ತಿಗೆಗೆ ಬೇಸಾಯ ಮಾಡುವವರು ನಾಲ್ಕರಿಂದ ಹತ್ತು ಮಂದಿ ಸೇರಿ ಜಂಟಿ ಬಾಧ್ಯತಾ ಗುಂಪು ಮಾಡಿಕೊಂಡು ಬ್ಯಾಂಕಿನಲ್ಲಿ ಸಾಲ ಕೇಳುವ ಅವಕಾಶವಿದೆ.

ಮಹಿಳೆಯರ ಸ್ವಸಹಾಯ ಸಂಘ

ಸ್ವಂತ ಖರ್ಚಿಗೆ ಸಣ್ಣ ಸಾಲ ಬೇಕಾದಾಗ ಹಳ್ಳಿಯಲ್ಲಿ ಅತ್ಯಂತ ಹತ್ತಿರದ ಬಾಗಿಲು ಸ್ವಸಹಾಯ ಸಂಘ. ಇಂತಹ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮವನ್ನು ನಬಾರ್ಡ್ 1992ರಲ್ಲಿ ಆರಂಭಿಸಿತು. ಅದಕ್ಕೂ ಮೊದಲೇ ಕರ್ನಾಟಕದಲ್ಲಿ ಮೈರಾಡ ಸಂಸ್ಥೆ ಇಂತಹ ಗುಂಪುಗಳನ್ನು ಕಟ್ಟಿತ್ತು. ಮುಂದೆ ರಾಜ್ಯ ಸರಕಾರದ ಸ್ತ್ರೀಶಕ್ತಿ ಯೋಜನೆ, ಬಳಿಕ ಸಂಜೀವಿನಿ ಬಂದವು.

ಹತ್ತರಿಂದ ಇಪ್ಪತ್ತು ಮಂದಿ ಮಹಿಳೆಯರು ವಾರ ವಾರ ಸೇರಿ ಉಳಿತಾಯ ಮಾಡುತ್ತಾರೆ. ಆ ಹಣದಿಂದಲೇ ಒಬ್ಬರಿಗೊಬ್ಬರು ಸಾಲ ಕೊಡುತ್ತಾರೆ. ಬಡ್ಡಿ ಎಷ್ಟೆಂದು ಸಂಘವೇ ತೀರ್ಮಾನಿಸುತ್ತದೆ ಮತ್ತು ಆ ಬಡ್ಡಿ ಸಂಘದಲ್ಲೇ ಉಳಿಯುತ್ತದೆ. ಸುಮಾರು ಆರು ತಿಂಗಳು ಸಭೆ, ಉಳಿತಾಯ, ಮರುಪಾವತಿ ಮತ್ತು ಲೆಕ್ಕಪುಸ್ತಕ ಸರಿಯಾಗಿ ನಡೆದರೆ ಬ್ಯಾಂಕ್ ಸಾಲಕ್ಕೆ ಸಂಘ ಅರ್ಹವಾಗುತ್ತದೆ. ಹತ್ತು ಲಕ್ಷ ರೂಪಾಯಿಯವರೆಗೆ ಸಂಘದ ಸಾಲಕ್ಕೆ ಅಡಮಾನ ಕೇಳುವಂತಿಲ್ಲ. ಗ್ರಾಮ ಪಂಚಾಯಿತಿ ಮಟ್ಟದ ಸಂಜೀವಿನಿ ಒಕ್ಕೂಟದಲ್ಲಿ ಸದಸ್ಯ ಸಂಘಗಳಿಗೆ ಸಾಲ ಕೊಡುವ ಸಮುದಾಯ ಬಂಡವಾಳ ನಿಧಿಯೂ ಇದೆ.

ಇಲ್ಲಿ ಒಂದು ಎಚ್ಚರ ಅಗತ್ಯ. ಹಳ್ಳಿಯಲ್ಲಿ ಎಲ್ಲವನ್ನೂ "ಸಂಘ" ಎಂದೇ ಕರೆಯುತ್ತಾರೆ. ಸದಸ್ಯರ ಉಳಿತಾಯದಿಂದ ನಡೆಯುವ ಸಂಘ ಬೇರೆ, ಮೈಕ್ರೋ ಫೈನಾನ್ಸ್ ಕಂಪೆನಿಯು ಸಾಲ ಕೊಡುವುದಕ್ಕಾಗಿಯೇ ಮಾಡುವ ಗುಂಪು ಬೇರೆ. ನಮ್ಮ ಉಳಿತಾಯ ಎಲ್ಲಿದೆ, ಪಾಸ್ ಪುಸ್ತಕ ಯಾರ ಬಳಿ ಇದೆ ಎಂದು ಕೇಳಿದರೆ ವ್ಯತ್ಯಾಸ ತಾನಾಗಿಯೇ ತಿಳಿಯುತ್ತದೆ.

ಬ್ಯಾಂಕ್ ಮತ್ತು ಚಿನ್ನ

ಜನಧನ ಖಾತೆ ಇರುವವರಿಗೆ ಖಾತೆಯಲ್ಲಿ ಹಣವಿಲ್ಲದಿದ್ದರೂ 10,000 ರೂಪಾಯಿಯವರೆಗೆ ಪಡೆಯುವ ಓವರ್‌ಡ್ರಾಫ್ಟ್ ಸೌಲಭ್ಯವನ್ನು ಯೋಜನೆಯಲ್ಲಿ ಇಡಲಾಗಿದೆ. ಖಾತೆ ಕನಿಷ್ಠ ಆರು ತಿಂಗಳು ಸರಿಯಾಗಿ ಚಾಲ್ತಿಯಲ್ಲಿರಬೇಕೆಂಬುದು ಷರತ್ತು. ಇಲ್ಲಿಯೂ ಅದೇ ಆರು ತಿಂಗಳು ಎಂಬುದನ್ನು ಗಮನಿಸಿರಿ. ಜಮೀನಿನ ಅಡಮಾನವಿಲ್ಲದೆ ಕೊಡಬೇಕಾದ ಕೃಷಿ ಸಾಲದ ಮಿತಿಯನ್ನು ರಿಸರ್ವ್ ಬ್ಯಾಂಕ್ 2025ರ ಜನವರಿಯಿಂದ 1.6 ಲಕ್ಷದಿಂದ 2 ಲಕ್ಷಕ್ಕೆ ಏರಿಸಿದೆ. ಹಸು ಸಾಕುವವರಿಗೂ ಕಿಸಾನ್ ಕ್ರೆಡಿಟ್ ಕಾರ್ಡ್ ಸಿಗುತ್ತದೆ.

ತುರ್ತಿಗೆ ಬ್ಯಾಂಕಿನಲ್ಲಿ ಬೇಗ ಸಿಗುವುದು ಚಿನ್ನದ ಮೇಲಿನ ಸಾಲ. ಖಾಸಗಿ ಗಿರವಿ ಅಂಗಡಿಗಿಂತ ಬ್ಯಾಂಕಿನ ಅಥವಾ ಸೊಸೈಟಿಯ ಬಡ್ಡಿ ಸಾಮಾನ್ಯವಾಗಿ ಬಹಳ ಕಡಿಮೆ. ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಪ್ರಕಟಿಸಿ 2026ರ ಏಪ್ರಿಲ್ ಒಂದಕ್ಕೆ ಗಡುವು ನೀಡಿದ ನಿಯಮದಂತೆ, ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಚಿನ್ನದ ಬೆಲೆಯ ಶೇ. 85ರವರೆಗೆ ಕೊಡಬಹುದು. ಸಾಲ ತೀರಿದ ಮೇಲೆ ಹೆಚ್ಚೆಂದರೆ ಏಳು ಕೆಲಸದ ದಿನಗಳೊಳಗೆ ಒಡವೆ ಹಿಂದಿರುಗಿಸಬೇಕು. ತಮ್ಮ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಒಡವೆ ಇಡುವಾಗ ತೂಕ ಮತ್ತು ಶುದ್ಧತೆ ಬರೆದ ಚೀಟಿಯನ್ನು ಕೇಳಿ ಪಡೆಯಲು ಮರೆಯಬಾರದು.

ವಾರದ ಕಂತಿನ ಸಾಲ

ಮನೆ ಬಾಗಿಲಿಗೇ ಬರುವ ಮೈಕ್ರೋ ಫೈನಾನ್ಸ್ ಸಾಲ ಅನೇಕರಿಗೆ ಉಪಕಾರ ಮಾಡಿದೆ ಎಂಬುದನ್ನು ಅಲ್ಲಗಳೆಯಲಾಗದು. ಅದೇ ಸಾಲ ಅನೇಕರನ್ನು ಊರು ಬಿಡಿಸಿದೆ ಎಂಬುದೂ ಸತ್ಯ. 2009ರಲ್ಲಿ ಕೋಲಾರ, ಶಿಡ್ಲಘಟ್ಟ, ರಾಮನಗರ ಮುಂತಾದ ರೇಷ್ಮೆಯ ಪಟ್ಟಣಗಳಲ್ಲಿ ಒಂದೇ ಮನೆಗೆ ಹಲವು ಕಂಪೆನಿಗಳ ಸಾಲ ಸೇರಿಕೊಂಡು, ರೇಷ್ಮೆ ಕೆಲಸ ಇಳಿಮುಖವಾದಾಗ ಕಂತು ಕಟ್ಟುವುದೇ ನಿಂತುಹೋಯಿತು. ಇದರಿಂದ ಕಲಿಯಬೇಕಾದ ಪಾಠವೊಂದಿದೆ. ರೇಷ್ಮೆ ಬೆಳೆಗಾರನಿಗೆ ಹಣ ಬರುವುದು ಗೂಡು ಮಾರಿದಾಗ. ಹುಳು ಸಾಯಬಹುದು, ಧಾರಣೆ ಬೀಳಬಹುದು. ಆದರೆ ಕಂತು ವಾರ ವಾರವೂ ಬರುತ್ತದೆ. ಆದಾಯ ಬರುವ ದಿನಕ್ಕೂ ಕಂತಿನ ದಿನಕ್ಕೂ ಹೊಂದಿಕೆಯಾಗದ ಸಾಲವು ಮತ್ತೊಂದು ಸಾಲವನ್ನು ಕರೆತರುತ್ತದೆ.

2022ರ ಏಪ್ರಿಲ್‌ನಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮಗಳನ್ನು ಪ್ರತಿಯೊಬ್ಬ ಸಾಲಗಾರರೂ ತಿಳಿದಿರಬೇಕು. ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಕೊಡುವ ಈ ಸಾಲಕ್ಕೆ ಅಡಮಾನ ಕೇಳುವಂತಿಲ್ಲ. ಕುಟುಂಬದ ಎಲ್ಲಾ ಸಾಲಗಳ ತಿಂಗಳ ಕಂತು ಆದಾಯದ ಅರ್ಧವನ್ನು ಮೀರಬಾರದು. ಅವಧಿಗೆ ಮೊದಲೇ ತೀರಿಸಿದರೆ ದಂಡವಿಲ್ಲ. ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಸಾಲದ ಕಾರ್ಡ್ ಕೊಡಬೇಕು. ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ, ಬೈಯುವಂತಿಲ್ಲ, ಬೆದರಿಸುವಂತಿಲ್ಲ.

ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ ಸಾಲ ಕೊಡುವ ಆ್ಯಪ್‌ಗಳ ಬಗ್ಗೆ ಇನ್ನೂ ಹೆಚ್ಚಿನ ಜಾಗ್ರತೆ ಬೇಕು. ಯಾವ ಬ್ಯಾಂಕ್ ಅಥವಾ ನೋಂದಾಯಿತ ಹಣಕಾಸು ಸಂಸ್ಥೆಯ ಪರವಾಗಿ ಸಾಲ ಕೊಡುತ್ತಿದ್ದಾರೆಂದು ಹೇಳದ ಆ್ಯಪ್ ಅನ್ನು ಮುಟ್ಟದಿರುವುದೇ ಲೇಸು. ಸಾಲ ಕೊಡುವ ಮೊದಲೇ "ಪ್ರೊಸೆಸಿಂಗ್ ಶುಲ್ಕ" ಕಳುಹಿಸಿ ಎನ್ನುವವರು ಹೆಚ್ಚಿನಂಶ ವಂಚಕರೇ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಈಗಾಗಲೇ ಸಿಲುಕಿದವರಿಗೆ

ವಸೂಲಿಯ ಕಿರುಕುಳ ತಾಳಲಾರದೆ ಜೀವ ಕಳೆದುಕೊಂಡವರ ಸುದ್ದಿ ರಾಜ್ಯದ ಹಲವು ಜಿಲ್ಲೆಗಳಿಂದ ಬಂದ ಮೇಲೆ, 2025ರ ಫೆಬ್ರವರಿಯಲ್ಲಿ ಸರಕಾರ ಸುಗ್ರೀವಾಜ್ಞೆ ಹೊರಡಿಸಿತು. ಮುಂದಿನ ತಿಂಗಳು ವಿಧಾನಮಂಡಲದಲ್ಲಿ ಮಸೂದೆಗೆ ಒಪ್ಪಿಗೆ ದೊರೆಯಿತು. ನೋಂದಣಿಯಿಲ್ಲದೆ ಸಾಲ ಕೊಡುವವರಿಗೆ ಮತ್ತು ಬಲವಂತದಿಂದ ವಸೂಲಿ ಮಾಡುವವರಿಗೆ ಹತ್ತು ವರ್ಷದವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶವಿದೆ. ದೂರು ದಾಖಲಿಸಲು ಪೊಲೀಸರು ನಿರಾಕರಿಸುವಂತಿಲ್ಲ. ಬ್ಯಾಂಕ್ ಅಥವಾ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಕಂಪೆನಿಯ ಮೇಲೆ ದೂರಿದ್ದರೆ ಮೊದಲು ಆ ಸಂಸ್ಥೆಗೆ ಬರವಣಿಗೆಯಲ್ಲಿ ಕೊಡಬೇಕು. ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ಮಾಹಿತಿಗೆ 14448 ಸಂಖ್ಯೆಗೆ ಕರೆ ಮಾಡಬಹುದು.

ಕಾನೂನಿಗಿಂತಲೂ ಮೊದಲು ಬೇಕಾದುದು ಮನೆಯೊಳಗಿನ ಮಾತು. ಸಾಲದ ಸಂಗತಿಯನ್ನು ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ ಹೇಳದೆ ಮುಚ್ಚಿಟ್ಟಲ್ಲೇ ಅನಾಹುತ ಹೆಚ್ಚು. ಎಲ್ಲಾ ಸಾಲಗಳನ್ನೂ ಒಂದು ಹಾಳೆಯಲ್ಲಿ ಬರೆದು, ಅತಿ ಹೆಚ್ಚು ಬಡ್ಡಿಯದನ್ನು ಮೊದಲು ತೀರಿಸುವ ದಾರಿ ಹುಡುಕಬೇಕು. ಸಾಲ ಮಾಡಿದ್ದು ಅಪರಾಧವಲ್ಲ. ಮರ್ಯಾದೆಗೆ ಅಂಜಿ ಒಬ್ಬರೇ ಕೊರಗಬೇಕಾಗಿಲ್ಲ.

ಕಷ್ಟ ಹೇಳಿ ಕೇಳಿ ಬರುವುದಿಲ್ಲ. ಆದರೆ ಸೊಸೈಟಿಯ ಸದಸ್ಯತ್ವ, ಮನೆಯವರ ಹೆಸರಿಗೆ ಬಂದ ಪಹಣಿ, ಚಾಲ್ತಿಯಲ್ಲಿರುವ ಬ್ಯಾಂಕ್ ಖಾತೆ, ತಪ್ಪದೆ ಸಭೆ ನಡೆಸುವ ಒಂದು ಸ್ವಸಹಾಯ ಸಂಘ, ಈ ನಾಲ್ಕನ್ನು ನೆಮ್ಮದಿಯ ದಿನಗಳಲ್ಲೇ ಮಾಡಿಟ್ಟುಕೊಳ್ಳಬಹುದು. ಈ ವಾರ ಇವುಗಳಲ್ಲಿ ಒಂದನ್ನಾದರೂ ಆರಂಭಿಸೋಣ. ಓದು ಬಾರದ ನೆರೆಮನೆಯವರಿದ್ದರೆ ಅವರ ಅರ್ಜಿಯನ್ನು ತುಂಬಿಕೊಡೋಣ. ಅವರಿಗೆ ಕೊಡಲು ನಮ್ಮ ಕೈಯಲ್ಲಿ ಹಣ ಇಲ್ಲದಿರಬಹುದು, ಅವರ ಜೊತೆ ಸೊಸೈಟಿಯವರೆಗೆ ನಡೆದುಹೋಗಲು ಅರ್ಧ ದಿನವಾದರೂ ಇದ್ದೇ ಇರುತ್ತದೆ.